ಮಳೆಗೆ ಮುಂಚೆ ಕಪಾಟು ತೆರೆಯೋಣ

(ಮಡಿಕೇರಿಯಲ್ಲಿ ಕಾನೂನು ಗ್ರಂಥಪಾಲಕರು ಮುಂದಿನ ವರ್ಷದ ಕೆಲಸ ಗೊತ್ತುಮಾಡಲು ಸೇರಿದ್ದಾಗ ಆಡಿದ ಮಾತಿನ ಬರಹ ರೂಪ)

ಮೊದಲು ಈ ಪುಸ್ತಕವನ್ನು ನಿಮ್ಮ ಕೈಗೆ ಕೊಡುತ್ತೇನೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ. ಸ್ವಲ್ಪ ಜೋಪಾನ, ಬೆನ್ನು ಬಿಟ್ಟಿದೆ. ಮುಚ್ಚಿದ್ದಾಗ ಏನೂ ಆಗಿಲ್ಲ ಅನ್ನಿಸುತ್ತದೆ. ಬಟ್ಟೆ ರಟ್ಟು, ಅದರ ಮೇಲಿನ ಚಿನ್ನದ ಅಕ್ಷರ ಅಳಿಸಿದೆ, ಅಷ್ಟೇ. ಈಗ ಮಧ್ಯಕ್ಕೆ ತೆರೆದು ನೋಡಿ. ತೆರೆಯುವುದಿಲ್ಲ, ಅಲ್ವಾ? ಸುಮಾರು 40 ಪುಟ ಒಂದಕ್ಕೊಂದು ಅಂಟಿ ಹಲಗೆ ಆಗಿದೆ. ಅಂಚಿನಲ್ಲಿ ಬೂಷ್ಟು ಹಿಡಿದು ಒಣಗಿದ ಬಿಳಿ ಗುರುತು ಇದೆ. ಒಳಗೆ ಕಂದು ಚುಕ್ಕೆ. ಅಂಟಿದ ಪುಟಗಳನ್ನು ಉಗುರಿನಿಂದ ಬಿಡಿಸಲು ಹೋಗಬೇಡಿ. ನಾನು ಹೋಗಿ ಒಂದು ಪುಟದ ಅರ್ಧ ಅಕ್ಷರವನ್ನು ಇನ್ನೊಂದು ಪುಟಕ್ಕೆ ಅಂಟಿಸಿಬಿಟ್ಟೆ. ಆ ಜಾಗ ನಿಮಗೇ ಕಾಣುತ್ತದೆ.

ಇದು ನಾನು ಕೆಲಸ ಮಾಡುವ ಲೈಬ್ರರಿಯದು. ಬ್ರಿಟಿಷರ ಕಾಲದಲ್ಲಿ ಕೊಡಗಿಗೆ ಅಂತಲೇ ಮಾಡಿದ ರೆಗ್ಯುಲೇಷನ್‌ಗಳ, ಅಂದರೆ ಕಟ್ಟಳೆಗಳ ಸಂಪುಟ. ಸ್ಟೀಲ್ ಬೀರುವಿನ ಕೆಳಗಿನ ಖಾನೆಯಲ್ಲಿ, ಗೋಡೆಗೆ ತಾಗಿಕೊಂಡು ಇತ್ತು. ಆ ಗೋಡೆಯ ಆಚೆ ಬದಿಗೆ ಸೂರಿನ ನೀರು ಬೀಳುತ್ತದೆ. ಎಷ್ಟು ಮಳೆಗಾಲ ಅದು ಹಾಗೇ ನೆನೆಯಿತೋ, ಯಾರೂ ನೋಡಲಿಲ್ಲ. ಒಂದು ದಿನ ಬಾಣೆ ಜಮೀನಿನ, ಅಂದರೆ ಗದ್ದೆಗೆ ಸೇರಿದ ಕಾಡಿನ ವ್ಯಾಜ್ಯ ಹಿಡಿದುಕೊಂಡು ಒಬ್ಬ ವಕೀಲರು ಬಂದರು. ಅವರಿಗೆ ಬೇಕಾದ ಪುಟ ಸರಿಯಾಗಿ ಈ ಹಲಗೆಯ ಒಳಗಿತ್ತು. ಬೆಂಗಳೂರಿನಿಂದ ನಕಲು ತರಿಸುವಷ್ಟರಲ್ಲಿ 19 ದಿನ ಆಯಿತು. ಆ 19 ದಿನ ನಾನು ಈ ಪುಸ್ತಕವನ್ನು ಮೇಜಿನ ಮೇಲೆ ಇಟ್ಟುಕೊಂಡು ದಿನಾ ನೋಡುತ್ತಿದ್ದೆ.

ಮುಂದಿನ ವರ್ಷಕ್ಕೆ ಏನು ಮಾಡಬೇಕು ಅಂತ ಚರ್ಚಿಸಲು ಸೇರಿದ್ದೇವೆ. ಯಾವ ಡೇಟಾಬೇಸ್ ಕೊಳ್ಳಬೇಕು, ಎಷ್ಟು ಕಂಪ್ಯೂಟರ್ ಬೇಕು, ಇವೆಲ್ಲ ಬರುತ್ತವೆ, ಬರಲಿ. ಆದರೆ ನನ್ನ ಬೇಡಿಕೆ ಒಂದೇ. ಹೊಸದಕ್ಕೆ ಕೈಹಾಕುವ ಮೊದಲು ನಮ್ಮ ನಮ್ಮ ಕಪಾಟಿನಲ್ಲಿ ಏನಿದೆ ಅಂತ ನೋಡೋಣ. ನೋಡಿದ್ದನ್ನು ಒಬ್ಬರಿಗೊಬ್ಬರು ತಿಳಿಸೋಣ. ಇದನ್ನು ಈ ಮಳೆಗಾಲಕ್ಕೆ ಮುಂಚೆ ಮಾಡೋಣ.

ರದ್ದಾದ ಕಾನೂನಿನ ಹಳೇ ಪುಸ್ತಕಕ್ಕೆ ಇಷ್ಟೊಂದು ಯಾಕೆ ಅಂತ ಕಿರಿಯರು ಕೇಳಬಹುದು. ಹೊರಗಿನಿಂದ ಬಂದವರಿಗೆ ಕೊಡಗಿನ ಕಥೆ ಸ್ವಲ್ಪ ಹೇಳಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ತೆಗೆದುಕೊಂಡರು. ಪುತ್ತೂರು, ಸುಳ್ಯದ ಕಡೆಯ ಸೀಮೆ ಕೆನರಾಕ್ಕೆ ಹೋಯಿತು. ಉಳಿದ ಕೊಡಗು ಮೈಸೂರಿಗೂ ಸೇರಲಿಲ್ಲ, ಮದ್ರಾಸಿಗೂ ಸೇರಲಿಲ್ಲ. ಚೀಫ್ ಕಮಿಷನರ್ ಕೈಕೆಳಗೆ ಪುಟ್ಟದೊಂದು ಪ್ರಾಂತ್ಯವಾಗಿ ಉಳಿಯಿತು. ಅದಕ್ಕೇ ಬೇರೆ ಕಟ್ಟಳೆಗಳು ಬಂದವು. 1899ರ ಕೂರ್ಗ್ ಭೂ ಮತ್ತು ಕಂದಾಯ ರೆಗ್ಯುಲೇಷನ್ ಅವುಗಳಲ್ಲಿ ದೊಡ್ಡದು. ಸ್ವಾತಂತ್ರ್ಯದ ಮೇಲೆ ಕೊಡಗು 'ಸಿ' ವರ್ಗದ ರಾಜ್ಯವಾಯಿತು. ತನ್ನದೇ ವಿಧಾನಸಭೆ, ತನ್ನದೇ ಮುಖ್ಯಮಂತ್ರಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು.

ಸೇರಿದ ದಿನ ಕಾನೂನು ಒಂದೇ ಆಗಲಿಲ್ಲ. ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 119ನೇ ಸೆಕ್ಷನ್ ತೆಗೆದು ನೋಡಿ. ಯಾವ ಪ್ರದೇಶಕ್ಕೆ ಯಾವ ಕಾನೂನು ಇತ್ತೋ ಅದು ಬದಲಾಗುವವರೆಗೆ ಅಲ್ಲಿಗೆ ಹಾಗೇ ಮುಂದುವರಿಯಲಿ ಅಂತ ಅದು ಹೇಳುತ್ತದೆ. ಹಾಗಾಗಿ ಧಾರವಾಡದಲ್ಲಿ ಮುಂಬೈ ಕಾನೂನು, ಕಲಬುರಗಿಯಲ್ಲಿ ಹೈದರಾಬಾದಿನ ಕಾನೂನು, ಮಂಗಳೂರಲ್ಲಿ ಮದ್ರಾಸಿನದು, ಹಳೇ ಮೈಸೂರಲ್ಲಿ ಮೈಸೂರಿನದು, ಇಲ್ಲಿ ಕೊಡಗಿನದು. ಒಂದೊಂದಾಗಿ ಅವು ಒಂದಾಗುತ್ತ ಬಂದವು. 1964ರ ಭೂ ಕಂದಾಯ ಕಾಯ್ದೆ ಬಂದಾಗ 1899ರ ಕಟ್ಟಳೆ ಹೋಯಿತು.

ಹೋಯಿತು ಅಂದರೆ ಮುಗಿಯಿತು ಅಂತ ಅಲ್ಲ. ಜಮ್ಮಾ ಜಮೀನು, ಅಂದರೆ ವಂಶಪಾರಂಪರ್ಯವಾಗಿ ಬಂದ ಹಿಡುವಳಿ ಇರುವ ಮನೆಯವರು ಯಾರಾದರೂ ಇಲ್ಲಿದ್ದರೆ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗದ್ದೆ ಇದೆ, ಗದ್ದೆಗೆ ಸೇರಿದ ಬಾಣೆ ಇದೆ. ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಅಂತ ಬಿಟ್ಟ ಕಾಡು ಅದು. ಆಮೇಲೆ ಅಲ್ಲಿ ಕಾಫಿ ಬಂತು. ಈ ಜಾಗ ಯಾರದ್ದು, ಸರ್ಕಾರದ್ದೋ ಮನೆಯವರದ್ದೋ, ಮರ ಯಾರಿಗೆ, ಪಾಲು ಮಾಡಬಹುದೋ ಇಲ್ಲವೋ ಅನ್ನುವ ಜಗಳ ಹೈಕೋರ್ಟಿನ ಪೂರ್ಣಪೀಠದವರೆಗೆ ಹೋಗಿದೆ. ಪಹಣಿಯಲ್ಲಿ ಅಜ್ಜನ ಅಜ್ಜನ ಹೆಸರು ಹಾಗೇ ಇರುವ ಮನೆಗಳಿವೆ. 1964ರ ಕಾಯ್ದೆಯ 79ನೇ ಸೆಕ್ಷನ್ ಹಳೆಯ ಸವಲತ್ತುಗಳನ್ನು ಉಳಿಸುವ ಮಾತಾಡುತ್ತದೆ. 2011ರಲ್ಲಿ ಜಮ್ಮಾ ಬಾಣೆಗಾಗಿಯೇ ಆ ಕಾಯ್ದೆಗೆ ತಿದ್ದುಪಡಿ ಮಾಡಿದರು. ಸವಲತ್ತು ಉಳಿದಿದೆ ಅಂದ ಮೇಲೆ ಮೊದಲು ಏನಿತ್ತು ಅಂತ ನ್ಯಾಯಾಧೀಶರು ಕೇಳಿಯೇ ಕೇಳುತ್ತಾರೆ. ಉತ್ತರ ಎಲ್ಲಿದೆ? ನಿಮ್ಮ ಕೈಯಲ್ಲಿ ಈಗ ಓಡಾಡುತ್ತಿರುವ ಇಂಥ ಪುಸ್ತಕದಲ್ಲಿದೆ.

ಇನ್ನೊಂದು ಉದಾಹರಣೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಇದೆ. ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೆ ಕೋವಿಗೆ ಪೂಜೆ ಮಾಡುವುದನ್ನು ಎಲ್ಲರೂ ನೋಡಿದ್ದೀರಿ. ಈ ವಿನಾಯಿತಿ 1861ರಿಂದ ಬಂದದ್ದು. ಈಗ ಅದು ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಕೆಳಗೆ ಹೊರಡಿಸುವ ಅಧಿಸೂಚನೆಯ ಮೇಲೆ ನಿಂತಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ 10 ವರ್ಷಕ್ಕೆ ಮುಂದುವರಿಸಿತು. ಅದನ್ನು ಪ್ರಶ್ನೆ ಮಾಡಿದಾಗ 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಇಷ್ಟು ದೊಡ್ಡ ವಿಷಯ ಒಂದೆರಡು ಹಾಳೆಯ ಅಧಿಸೂಚನೆಯ ಮೇಲೆ ನಿಂತಿದೆ. ನಿಮ್ಮಲ್ಲಿ ಎಷ್ಟು ಜನರ ಹತ್ತಿರ ಆ ಹಾಳೆ ಇದೆ? ಕೈ ಎತ್ತಿ ಅಂತ ಕೇಳುವುದಿಲ್ಲ. ನನ್ನ ಹತ್ತಿರವೂ ಹೋದ ವರ್ಷದವರೆಗೆ ಇರಲಿಲ್ಲ.

ಹಳೆಯದನ್ನು ಎಸೆಯುವ ವಿಷಯಕ್ಕೆ ಬರುತ್ತೇನೆ. 2024ರ ಜುಲೈ 1ಕ್ಕೆ ಮೂರು ಹೊಸ ಕ್ರಿಮಿನಲ್ ಕಾನೂನು ಬಂದವು. ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ. ಐಪಿಸಿಯಲ್ಲಿ 511 ಸೆಕ್ಷನ್ ಇದ್ದದ್ದು ನ್ಯಾಯ ಸಂಹಿತೆಯಲ್ಲಿ 358 ಆಯಿತು. ನಾಲಿಗೆಯ ಮೇಲಿದ್ದ ನಂಬರ್‌ಗಳೆಲ್ಲ ಹೋದವು. 302 ಅಂದರೆ ಕೊಲೆ ಅಂತ ಮಕ್ಕಳಿಗೂ ಗೊತ್ತಿತ್ತು, ಈಗ 103. ವಂಚನೆಯ 420 ಈಗ 318. ನಿಷೇಧಾಜ್ಞೆಯ 144 ಈಗ 163. ಎಫ್‌ಐಆರ್ ಹಾಕುವ 154 ಈಗ 173.

ಅದೇ ಆಗಸ್ಟ್‌ನಲ್ಲಿ ಬೇರೆ ಜಿಲ್ಲೆಯ ಗೆಳೆಯರೊಬ್ಬರು ಫೋನ್ ಮಾಡಿದರು. ಬಹಳ ಖುಷಿಯಲ್ಲಿದ್ದರು. ಹಳೇ ಐಪಿಸಿ, ಸಿಆರ್‌ಪಿಸಿ ವ್ಯಾಖ್ಯಾನಗಳನ್ನೆಲ್ಲ ತೂಕಕ್ಕೆ ಹಾಕಿದೆವು, ಎರಡು ರ‍್ಯಾಕ್ ಖಾಲಿ ಆಯಿತು ಅಂದರು. ನನಗೆ ಎದೆ ಧಸಕ್ ಅಂದಿತು. ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಕ್ಕೆ ಇವತ್ತಿಗೂ ಐಪಿಸಿಯೇ ಅನ್ವಯ. ಅಪರಾಧ ನಡೆದ ದಿನ ಇದ್ದ ಕಾನೂನಿನ ಪ್ರಕಾರವೇ ಶಿಕ್ಷೆ ಅಂತ ಸಂವಿಧಾನದ 20ನೇ ವಿಧಿ ಹೇಳುತ್ತದೆ. ಆಗಲೇ ಶುರುವಾಗಿದ್ದ ವಿಚಾರಣೆ, ಮೇಲ್ಮನವಿಗಳು ಹಳೇ ಸಿಆರ್‌ಪಿಸಿಯಂತೆಯೇ ಮುಂದುವರಿಯುತ್ತವೆ. ನಮ್ಮ ಕೋರ್ಟುಗಳಲ್ಲಿ ಒಂದು ಕೇಸು, ಅದರ ಮೇಲ್ಮನವಿ, ಅದರ ಮೇಲೆ ಇನ್ನೊಂದು, ಹೀಗೆ ಎಷ್ಟು ವರ್ಷ ನಡೆಯುತ್ತದೆ ಅಂತ ನಿಮಗೇ ಗೊತ್ತು. ಇನ್ನೂ 20 ವರ್ಷ ಆ ಪುಸ್ತಕ ಕೇಳಿಕೊಂಡು ಬರುವವರು ಇರುತ್ತಾರೆ. ದಯವಿಟ್ಟು ಈ ವರ್ಷ ಯಾರೂ ಕ್ರಿಮಿನಲ್ ಕಾನೂನಿನ ಒಂದು ಪುಸ್ತಕವನ್ನೂ ತೂಕಕ್ಕೆ ಹಾಕಬೇಡಿ. ಜಾಗ ಇಲ್ಲ ಅಂದರೆ ನನಗೆ ಹೇಳಿ, ಜಾಗ ಹುಡುಕೋಣ.

ಕೊಡಗಿನವರಿಗೆ ಇದೇ ಪಾಠ ಎರಡನೇ ಸಲ ಬಂದಿದೆ. 2025ರ ನವೆಂಬರ್ 21ಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೇ ಕಾನೂನು ಅವುಗಳ ಒಳಗೆ ಸೇರಿದವು. ಅದರಲ್ಲಿ 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆಯೂ ಒಂದು. ಈಗ ತೋಟಗಳಲ್ಲಿ ಕಾಫಿ ಕುಯ್ಲು ನಡೆಯುತ್ತಿದೆ. ನೀವು ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ನೋಡಿದ್ದೀರಿ. ಲೈನ್ ಮನೆ, ಕುಡಿಯುವ ನೀರು, ಕೂಸುಗಳನ್ನು ನೋಡಿಕೊಳ್ಳುವ ಜಾಗ, ಆಸ್ಪತ್ರೆ ಇವನ್ನೆಲ್ಲ ತೋಟದ ಕಾರ್ಮಿಕರು 70 ವರ್ಷದಿಂದ ಆ ಕಾಯ್ದೆಯ ಹೆಸರಲ್ಲೇ ಕೇಳುತ್ತ ಬಂದಿದ್ದಾರೆ. ಈಗ ಅದನ್ನು ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಹುಡುಕಬೇಕು. ಮುಂದಿನ ತಿಂಗಳುಗಳಲ್ಲಿ ನಮ್ಮ ಮೇಜಿನ ಮುಂದೆ ನಿಲ್ಲುವವರು ತೋಟದ ರೈಟರ್, ಮಾಲೀಕರು, ಯೂನಿಯನ್ನಿನವರು, ಅವರ ವಕೀಲರು. ಹಳೇ ಸೆಕ್ಷನ್ ಯಾವುದು, ಹೊಸದು ಯಾವುದು ಅಂತ ತೋರಿಸುವ ಎರಡು ಹಾಳೆಯ ಪಟ್ಟಿಯನ್ನು ಕನ್ನಡದಲ್ಲಿ ಮಾಡಿ ಎಲ್ಲ ಲೈಬ್ರರಿಯ ಬಾಗಿಲಿಗೂ ಅಂಟಿಸಬೇಕು. ಈ ಕೆಲಸವನ್ನು ನಾನು ಹೊತ್ತುಕೊಳ್ಳುತ್ತೇನೆ.

ಈಗ ಮಳೆಯ ಮಾತು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಬೆಂಕಿಪೆಟ್ಟಿಗೆ ಗೀರುವುದಿಲ್ಲ. ಅದೇ ಗಾಳಿಯಲ್ಲಿ ನಮ್ಮ ಪುಸ್ತಕಗಳೂ ಇರುತ್ತವೆ. ಕೋಣೆಯ ತೇವಾಂಶ ಶೇಕಡ 65ನ್ನು ದಾಟಿ ಹಾಗೇ ನಿಂತರೆ ಬೂಷ್ಟಿಗೆ ಹಬ್ಬ. ಕಾಫಿ ಒಣಗಿಸುವವರು ತೇವ ಅಳೆಯುವ ಮೀಟರ್ ಇಟ್ಟುಕೊಂಡಿರುತ್ತಾರೆ. ಅಂದಾಜಿನಲ್ಲಿ ಯಾರೂ ಚೀಲ ಕಟ್ಟುವುದಿಲ್ಲ. ಹಾಗೇ ಪುಸ್ತಕದ ಕೋಣೆಗೂ ಒಂದು ಹೈಗ್ರೋಮೀಟರ್ ಬೇಕು. ಅದಕ್ಕೆ ದೊಡ್ಡ ದುಡ್ಡೇನೂ ಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದಾಗ ಒಂದು ಸಲ, ಸಂಜೆ ಹಾಕುವಾಗ ಒಂದು ಸಲ ಓದಿ ಪುಸ್ತಕದಲ್ಲಿ ಬರೆಯಿರಿ. ಒಂದು ಮಳೆಗಾಲ ಬರೆದರೆ ಸಾಕು, ನಿಮ್ಮ ಕೋಣೆಯ ಯಾವ ಮೂಲೆ ಕೆಟ್ಟದ್ದು ಅಂತ ಗೊತ್ತಾಗುತ್ತದೆ. ದುಡ್ಡು ಕೊಡಿ ಅಂತ ಸಮಿತಿಯ ಮುಂದೆ ಹೋಗುವಾಗಲೂ ಆ ಬರಹ ಕೈಯಲ್ಲಿರಲಿ.

ನನ್ನ ಅಜ್ಜಿ ಜಮೀನಿನ ಪತ್ರಗಳನ್ನು ತಗಡಿನ ಪೆಟ್ಟಿಗೆಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಕಕ್ಕಡ ತಿಂಗಳ ಜಡಿಮಳೆಯಲ್ಲಿ ಇಡೀ ಮನೆಯಲ್ಲಿ ಒಣಗಿದ ಜಾಗ ಅದೊಂದೇ. ಹೊಗೆ ವಾಸನೆ ಬಂದಿದೆ, ಅಂಚು ಕಪ್ಪಾಗಿದೆ, ಆದರೆ ಒಂದು ಅಕ್ಷರ ಹೋಗಿಲ್ಲ. ಲೈಬ್ರರಿಯಲ್ಲಿ ಒಲೆ ಹಚ್ಚಿ ಅಂತ ನಾನು ಹೇಳುತ್ತಿಲ್ಲ. ಮನೆಯಲ್ಲಿ ಒಣಗಿದ ಜಾಗ ಎಲ್ಲಿದೆ ಅಂತ ಅಜ್ಜಿ ಹುಡುಕಿ ಇಟ್ಟುಕೊಂಡಿದ್ದರು. ನಾವು ನಮ್ಮ ಕೋಣೆಯಲ್ಲಿ ಅಷ್ಟು ಹುಡುಕಿದ್ದೇವಾ?

ಕೈಯಿಂದ ಆಗುವ ಕೆಲಸಗಳು ಇವು. ರ‍್ಯಾಕನ್ನು ಗೋಡೆಯಿಂದ ಅರ್ಧ ಅಡಿ ಮುಂದೆ ಎಳೆಯಿರಿ. ಕೆಳಗಿನ ಖಾನೆಯನ್ನು ನೆಲದಿಂದ ಎತ್ತರಿಸಿ, ಅಲ್ಲಿ ಬೆಲೆ ಕಟ್ಟಲಾಗದ್ದನ್ನು ಇಡಬೇಡಿ. ಪುಸ್ತಕಗಳನ್ನು ಒತ್ತಿ ಒತ್ತಿ ತುರುಕಬೇಡಿ, ಮಧ್ಯೆ ಗಾಳಿ ಆಡಲಿ. ಬಾಗಿಲು ಹಾಕಿದ ಸ್ಟೀಲ್ ಬೀರು ಭದ್ರ ಅಂತ ನಾವೆಲ್ಲ ನಂಬಿದ್ದೇವೆ. ಮಳೆಗಾಲದಲ್ಲಿ ಅದರ ಒಳಗೇ ಬೆವರುತ್ತದೆ. ವಾರಕ್ಕೊಮ್ಮೆ ಬಿಸಿಲು ಬಂದ ಹೊತ್ತಿಗೆ ತೆರೆದಿಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಅದು ಇನ್ನೂ ಒಳಗೆ ಇಳಿಯುತ್ತದೆ. ಬೇರೆ ಪುಸ್ತಕಗಳಿಂದ ದೂರ ತೆಗೆದುಕೊಂಡು ಹೋಗಿ, ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಹೊರಗಡೆ ತೆಗೆಯಿರಿ. ಬಾಯಿ ಮೂಗಿಗೆ ಮಾಸ್ಕ್ ಇರಲಿ. ಹಳೇ ಪುಸ್ತಕವನ್ನು ಸುಡುಬಿಸಿಲಿಗೆ ಹಾಕುವವರು ಇದ್ದಾರೆ. ಕಾಗದ ಸುರುಳಿಯಾಗಿ ಮುರಿಯುತ್ತದೆ, ನೆರಳಲ್ಲಿ ಫ್ಯಾನ್ ಹಾಕಿ ಒಣಗಿಸಿ.

ಪೂರ್ತಿ ನೆನೆದ ಪುಸ್ತಕದ ಮಾತು ಬೇರೆ. 2018ರ ಆಗಸ್ಟ್ ಇಲ್ಲಿ ಯಾರೂ ಮರೆತಿಲ್ಲ. ಗುಡ್ಡ ಕುಸಿದು ಮನೆಗಳೇ ಹೋದವು. ಆಮೇಲೆ ಎಷ್ಟೋ ಜನ ನಮ್ಮ ಬಾಗಿಲಿಗೆ ಬಂದರು. ಪಹಣಿ ಹೋಯಿತು, ಕ್ರಯಪತ್ರ ಹೋಯಿತು, ಡಿಕ್ರಿಯ ನಕಲು ಹೋಯಿತು, ಎಲ್ಲಿಂದ ತರಬೇಕು ಅಂತ ಕೇಳಿದರು. ಒಬ್ಬರು ಪ್ಲಾಸ್ಟಿಕ್ ಕವರಿನಲ್ಲಿ ಕೆಸರು ಮೆತ್ತಿದ ಕಾಗದದ ಮುದ್ದೆ ತಂದು ಮೇಜಿನ ಮೇಲೆ ಇಟ್ಟರು. ಆಗ ನನಗೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಈಗ ಗೊತ್ತು, ಅದಕ್ಕೇ ಹೇಳುತ್ತೇನೆ. ನೆನೆದ ಕಾಗದಕ್ಕೆ ಎರಡು ದಿನದೊಳಗೆ ಬೂಷ್ಟು ಶುರುವಾಗುತ್ತದೆ. ಅಷ್ಟರಲ್ಲಿ ಒಣಗಿಸಲು ಆಗದಿದ್ದರೆ ಕವರಿನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿ. ಹೌದು, ಮೀನು ಇಡುವ ಫ್ರೀಜರ್ ಆದರೂ ಸರಿ. ಹೆಪ್ಪುಗಟ್ಟಿದ ಕಾಗದ ಇನ್ನಷ್ಟು ಹಾಳಾಗುವುದಿಲ್ಲ. ಗೊತ್ತಿದ್ದವರು ಸಿಕ್ಕ ಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡಿಸಬಹುದು. ಹತ್ತಿರದ ಯಾವ ಅಂಗಡಿಯಲ್ಲಿ ದೊಡ್ಡ ಫ್ರೀಜರ್ ಇದೆ, ಅವರ ಫೋನ್ ನಂಬರ್ ಏನು ಅಂತ ಮೇ ತಿಂಗಳಲ್ಲೇ ಬರೆದಿಟ್ಟುಕೊಳ್ಳಿ.

ಈಗ ಪಟ್ಟಿಯ ವಿಷಯ. ನಾನು ಬಂದದ್ದೇ ಇದಕ್ಕೆ. ನಮ್ಮಲ್ಲಿ ಬಾರ್ ಲೈಬ್ರರಿಯವರು ಇದ್ದೀರಿ, ಕೋರ್ಟ್ ಲೈಬ್ರರಿಯವರು ಇದ್ದೀರಿ, ಲಾ ಕಾಲೇಜಿನವರು ಮೈಸೂರು, ಮಂಗಳೂರು, ಹಾಸನದಿಂದ ಬಂದಿದ್ದೀರಿ. ಮಡಿಕೇರಿಯವರಿಗೆ ವಿರಾಜಪೇಟೆಯಲ್ಲಿ ಏನಿದೆ ಗೊತ್ತಿಲ್ಲ. ವಿರಾಜಪೇಟೆಯವರಿಗೆ ಸೋಮವಾರಪೇಟೆಯಲ್ಲಿ ಏನಿದೆ ಗೊತ್ತಿಲ್ಲ. ನಾನು 19 ದಿನ ಕಾದು ಬೆಂಗಳೂರಿನಿಂದ ತರಿಸಿದ ಪುಟ 30 ಕಿಲೋಮೀಟರ್ ದೂರದ ಒಬ್ಬ ಹಿರಿಯ ವಕೀಲರ ಮನೆಯಲ್ಲಿ ಚೆನ್ನಾಗಿ ಬೈಂಡ್ ಆಗಿ ಕೂತಿತ್ತು. ಎಂಟು ತಿಂಗಳ ಮೇಲೆ ಮದುವೆ ಊಟದಲ್ಲಿ ಅವರ ಮಗನ ಬಾಯಲ್ಲಿ ನನಗೆ ಗೊತ್ತಾಯಿತು.

ಪಟ್ಟಿ ಮಾಡುವುದು ಸುಲಭದ ಕೆಲಸ ಅಲ್ಲ. ಒಂದು ತೊಂದರೆ ಹೇಳುತ್ತೇನೆ. ಒಬ್ಬ ಕಿರಿಯ ವಕೀಲೆ ನಮ್ಮ ಕಂಪ್ಯೂಟರಿನಲ್ಲಿ ಕರ್ನಾಟಕ ಭೂ ಕಂದಾಯ ಕಾಯ್ದೆಯ ಹಳೇ ವ್ಯಾಖ್ಯಾನ ಹುಡುಕಿದರು. ಇಲ್ಲ ಅಂತ ಬಂತು. ಅವರು ಕೂತಿದ್ದ ಕುರ್ಚಿಯ ಹಿಂದೆಯೇ ಆ ಪುಸ್ತಕ ಇತ್ತು. ಅದು 'ಮೈಸೂರು ಭೂ ಕಂದಾಯ ಕಾಯ್ದೆ' ಅಂತ ನಮೂದಾಗಿತ್ತು. ರಾಜ್ಯದ ಹೆಸರು ಬದಲಾದದ್ದು 1973ರಲ್ಲಿ, ಪುಸ್ತಕ ಅಚ್ಚಾದದ್ದು ಅದಕ್ಕೆ ಮುಂಚೆ. ನಮ್ಮ ಜಿಲ್ಲೆಗಂತೂ ಹೆಸರುಗಳ ರಾಶಿಯೇ ಇದೆ. ಕೂರ್ಗ್, ಕೊಡಗು. ಮರ್ಕರಾ, ಮಡಿಕೇರಿ. ವಿರಾಜಪೇಟೆ, ವೀರರಾಜಪೇಟೆ. ಜಮ್ಮ, ಜಮ್ಮಾ, ಜನ್ಮ. ಬಾಣೆಯನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಕಂಪ್ಯೂಟರಿಗೆ ಇವೆಲ್ಲ ಒಂದೇ ಅಂತ ಯಾರು ಹೇಳಬೇಕು? ನಾವೇ ಹೇಳಬೇಕು. ಇಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಈ ಹೆಸರುಗಳೆಲ್ಲ ಒಟ್ಟಿಗೆ ಗೊತ್ತು. ಯಾವ ಹೆಸರಿನಲ್ಲಿ ಹುಡುಕಿದರೂ ಒಂದೇ ಪುಸ್ತಕ ಸಿಗುವ ಹಾಗೆ ಹೆಸರುಗಳನ್ನು ಜೋಡಿಸಿದ ಒಂದು ಪಟ್ಟಿ ಮೊದಲು ಮಾಡೋಣ. ಗ್ರಂಥಾಲಯ ಶಾಸ್ತ್ರದ ರಂಗನಾಥನ್ ಅವರು 1931ರಲ್ಲೇ ಐದು ಸೂತ್ರ ಹೇಳಿದರಲ್ಲ, ಅದರಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅಂತ. ಆ ವಕೀಲೆ ಅವತ್ತು ಮಧ್ಯಾಹ್ನವೆಲ್ಲ ಕಳೆದುಕೊಂಡರು.

ಇದಕ್ಕೆ ದುಡ್ಡಿನ ಸಾಫ್ಟ್‌ವೇರ್ ಬೇಡ. ಕೋಹಾ ಇದೆ, ಉಚಿತ. ಕೇಂದ್ರ ಸರ್ಕಾರದ ಎನ್‌ಐಸಿ ಮಾಡಿದ ಇ-ಗ್ರಂಥಾಲಯ ಇದೆ. ಅದೂ ಆಗದವರು ಎಕ್ಸೆಲ್‌ನಲ್ಲಿ ಮಾಡಿ. ಅದೂ ಆಗದವರು ನೋಟ್‌ಬುಕ್ಕಿನಲ್ಲಿ ಬರೆದು ಫೋಟೋ ತೆಗೆದು ಕಳಿಸಿ, ಟೈಪ್ ಮಾಡುವವರು ನಮ್ಮಲ್ಲಿ ಇದ್ದಾರೆ. ಎಲ್ಲ ಪುಸ್ತಕ ಬೇಡ. ಮೊದಲ ವರ್ಷ 1956ಕ್ಕೆ ಮುಂಚಿನದು ಮಾತ್ರ. ಕೊಡಗಿನ ಕಟ್ಟಳೆ, ಕೂರ್ಗ್ ಗೆಜೆಟ್ಟಿನ ಬಿಡಿ ಹಾಳೆ, ಹಳೇ ತೀರ್ಪಿನ ಸಂಪುಟ, ಸೆಟಲ್‌ಮೆಂಟ್ ವರದಿ. ಹೆಸರು, ವರ್ಷ, ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ. ಇಷ್ಟು ಸಾಕು.

ಡೇಟಾಬೇಸಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಮಧ್ಯಾಹ್ನ ಬೇರೆಯವರು ಮಾತಾಡುತ್ತಾರೆ. ಚಂದಾ ಕಟ್ಟುವ ಮೊದಲು ಪುಕ್ಕಟೆ ಏನು ಸಿಗುತ್ತದೆ ನೋಡಿ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್‌ನಲ್ಲಿವೆ. ಕರ್ನಾಟಕದ ಕಾಯ್ದೆಗಳು ಸಂಸದೀಯ ವ್ಯವಹಾರ ಇಲಾಖೆಯ ಜಾಲತಾಣದಲ್ಲಿ, ಕನ್ನಡದಲ್ಲೂ ಇವೆ. ಸುಪ್ರೀಂ ಕೋರ್ಟಿನ ವರದಿಗಳು 2023ರ ಜನವರಿಯಿಂದ ಇ-ಎಸ್‌ಸಿಆರ್‌ನಲ್ಲಿ ಉಚಿತ. ಈಗ ತೀರ್ಪುಗಳಿಗೆ ಕೋರ್ಟೇ ನಂಬರ್ ಕೊಡುತ್ತದೆ. ಸುಪ್ರೀಂ ಕೋರ್ಟಿನದಕ್ಕೆ ಐಎನ್‌ಎಸ್‌ಸಿ, ನಮ್ಮ ಹೈಕೋರ್ಟಿನದಕ್ಕೆ ಕೆಎಚ್‌ಸಿ. ಧಾರವಾಡ ಪೀಠದ್ದಾದರೆ ಅದರ ಜೊತೆ ಡಿ, ಕಲಬುರಗಿಯದ್ದಾದರೆ ಕೆ. ಯಾವ ಕಂಪನಿಯ ಚಂದಾ ಇಲ್ಲದಿದ್ದರೂ ಆ ನಂಬರಿನಿಂದ ತೀರ್ಪು ಹುಡುಕಬಹುದು. ನಕಲು ಕೊಡಲು ಹೆದರುವವರಿಗೆ ಒಂದು ಮಾತು. ಕೋರ್ಟಿನ ತೀರ್ಪಿನ ನಕಲಿಗೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ತೀರ್ಪಿನ ಮೇಲೆ ಪ್ರಕಾಶಕರು ಬರೆಸಿದ ಸಾರಾಂಶ, ಅಂದರೆ ಹೆಡ್‌ನೋಟ್, ಅವರದ್ದು. 2007ರಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ.

ಇನ್ನು ಕೃತಕ ಬುದ್ಧಿಮತ್ತೆ. ಕಿರಿಯ ವಕೀಲರು ಫೋನಿನಲ್ಲಿ ಕೇಳಿ, ಬಂದ ತೀರ್ಪಿನ ಹೆಸರು ಬರೆದುಕೊಂಡು ನಮ್ಮ ಹತ್ತಿರ ಬರುತ್ತಾರೆ. 2023ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ವಿಮಾನ ಕಂಪನಿಯ ಕೇಸಿನಲ್ಲಿ ವಕೀಲರು ಹೀಗೆ ಇಲ್ಲದ ತೀರ್ಪುಗಳನ್ನು ಬರೆದುಕೊಟ್ಟು 5,000 ಡಾಲರ್ ದಂಡ ಕಟ್ಟಿದರು. ನನ್ನ ಹತ್ತಿರವೂ ಒಬ್ಬರು ಚೀಟಿ ತಂದರು. ಪಕ್ಷಕಾರರ ಹೆಸರು, ವರ್ಷ, ಸಂಪುಟ, ಪುಟ ಎಲ್ಲ ಚಂದ ಇತ್ತು. ಸಂಪುಟ ತೆಗೆದೆ. ಆ ಪುಟದಲ್ಲಿ ಇದ್ದದ್ದು ಬೇರೆಯೇ ಒಂದು ಬಾಡಿಗೆ ಕೇಸು. ಅವರ ಮುಖ ಬಿಳಿಚಿಕೊಂಡಿತು, ಮಾರನೇ ದಿನ ವಾದ ಇತ್ತು. ಆ ಸಂಪುಟ ನಮ್ಮ ಕಪಾಟಿನಲ್ಲಿ ಇದ್ದದ್ದರಿಂದ ಎರಡು ನಿಮಿಷದಲ್ಲಿ ಗೊತ್ತಾಯಿತು. ಚೀಟಿ ತಂದವರಿಗೆಲ್ಲ ಇದನ್ನು ಮಾಡಿಕೊಡಿ. ಪುಟ ತೆಗೆದು ಕಣ್ಣಿಗೆ ತೋರಿಸಿ.

ವಕೀಲರಲ್ಲದವರೂ ಬರುತ್ತಾರೆ. ತಿತಿಮತಿ ಕಡೆಯ ಒಂದು ಹಾಡಿಯಿಂದ, ಅಂದರೆ ಕಾಡಂಚಿನ ಆದಿವಾಸಿ ಕೇರಿಯಿಂದ, ಒಬ್ಬ ಹೆಂಗಸು ಮಗನ ಜೊತೆ ಬಂದಿದ್ದರು. ಅರಣ್ಯ ಹಕ್ಕು ಕಾಯ್ದೆಯ ಅರ್ಜಿ ಯಾವುದು ಅಂತ ಕೇಳಿದರು. 2006ರ ಕಾಯ್ದೆ, 2008ರಿಂದ ನಿಯಮ. ವೈಯಕ್ತಿಕ ಹಕ್ಕಿಗೆ ನಮೂನೆ ಎ, ಸಮುದಾಯದ ಹಕ್ಕಿಗೆ ಬಿ, ಸಮುದಾಯದ ಅರಣ್ಯ ಸಂಪನ್ಮೂಲಕ್ಕೆ ಸಿ. ಕೆಲಸ ಶುರುವಾಗುವುದು ಗ್ರಾಮಸಭೆಯಿಂದ. ನನ್ನ ಹತ್ತಿರ ಅವತ್ತು ಇದ್ದದ್ದು ಇಂಗ್ಲಿಷ್ ಪುಸ್ತಕ ಮಾತ್ರ. ಅವರ ಮಗ ಎಂಟನೇ ಕ್ಲಾಸು, ಕಷ್ಟಪಟ್ಟು ಎರಡು ಸಾಲು ಓದಿ ಸುಮ್ಮನಾದ. ಆ ಹುಡುಗನ ಮುಖ ನನಗೆ ಇನ್ನೂ ಕಣ್ಣ ಮುಂದಿದೆ. ಕೊಡಗಿನ ರಾಜ ಲಿಂಗರಾಜ ತನ್ನ ಅಧಿಕಾರಿಗಳಿಗೆ ಹುಕುಂನಾಮೆ, ಅಂದರೆ ಅಪ್ಪಣೆಗಳ ಪುಸ್ತಕ ಬರೆಸಿದ್ದು ಕನ್ನಡದಲ್ಲಿ, 200 ವರ್ಷದ ಹಿಂದೆ. ಇವತ್ತು ನಾವು ಒಂದು ಅರ್ಜಿಯನ್ನು ಕನ್ನಡದಲ್ಲಿ ಇಟ್ಟುಕೊಳ್ಳದೆ ಇದ್ದರೆ ಹೇಗೆ?

ಇಂಥವರಿಗೆ ಕಾನೂನಿನ ಪುಟ ತೋರಿಸುವುದು ನಮ್ಮ ಕೆಲಸ. ನೀವು ಗೆಲ್ಲುತ್ತೀರಿ, ಹೀಗೆ ಬರೆಯಿರಿ ಅಂತ ಹೇಳುವುದು ನಮ್ಮ ಕೆಲಸ ಅಲ್ಲ. ಈ ಗೆರೆ ದಾಟಬೇಡಿ. ಆದರೆ ಗೊತ್ತಿಲ್ಲ ಅಂತ ವಾಪಸ್ ಕಳಿಸಲೂ ಬೇಡಿ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಉಚಿತ ವಕೀಲರು ಸಿಗುತ್ತಾರೆ. ಅವರ ಆದಾಯ ಎಷ್ಟು ಅಂತ ಕೇಳುವಂತಿಲ್ಲ. ಜಿಲ್ಲಾ ಪ್ರಾಧಿಕಾರದ ಕಚೇರಿಗೆ ದಾರಿ ಹೇಳಿ, ಆಗುವುದಾದರೆ ಜೊತೆಗೆ ಹೋಗಿ ಬಿಟ್ಟು ಬನ್ನಿ. ಕೋರ್ಟ್ ಆವರಣದಲ್ಲಿ ಮೊದಲ ಸಲ ಬಂದವರಿಗೆ ಯಾವ ಬಾಗಿಲು ಅಂತಲೂ ಗೊತ್ತಾಗುವುದಿಲ್ಲ.

ನಮ್ಮ ವರ್ಷವನ್ನು ಏಪ್ರಿಲ್‌ನಿಂದ ಮಾರ್ಚ್‌ಗೆ ಅಂತ ಲೆಕ್ಕ ಇಡುತ್ತೇವೆ. ಇಲ್ಲಿಗೆ ಅದು ಹೊಂದುವುದಿಲ್ಲ. ಕಾಫಿ ಕುಯ್ಲು ಮುಗಿದು ಮಳೆ ಹಿಡಿಯುವವರೆಗೆ ನಮಗೆ ಕೈಗೆ ಸಿಗುವುದು ಮಾರ್ಚ್, ಏಪ್ರಿಲ್, ಮೇ. ಮೇನಲ್ಲಿ ಕೋರ್ಟಿಗೆ ರಜೆ, ಲೈಬ್ರರಿ ಖಾಲಿ. ರ‍್ಯಾಕ್ ಎಳೆಯುವುದು, ಗೋಡೆ ನೋಡುವುದು, ಕಪಾಟು ಖಾಲಿ ಮಾಡಿ ಧೂಳು ಹೊಡೆಯುವುದು ಆಗಲೇ ಆಗಬೇಕು. ಆಗಲೇ ಹಳೆಯದರ ಹೆಸರು ಬರೆದುಕೊಳ್ಳಿ. ಮಳೆ ಶುರುವಾಗಿ ಹೊರಗೆ ಹೋಗಲು ಆಗದ ಜುಲೈ, ಆಗಸ್ಟ್‌ನಲ್ಲಿ ಕೂತು ಟೈಪ್ ಮಾಡೋಣ. ಪುತ್ತರಿ ಹೊತ್ತಿಗೆ ಎಲ್ಲರ ಪಟ್ಟಿ ಒಂದಾಗಿರಲಿ. ಪುತ್ತರಿಗೆ ಹೊಸ ಕದಿರು ಮನೆಗೆ ತರುತ್ತೇವಲ್ಲ, ಅದೇ ವಾರ ಇಲ್ಲೇ ಮತ್ತೆ ಸೇರೋಣ.

ಪುಸ್ತಕ ಹಿಂದಿನ ಸಾಲಿನವರೆಗೆ ಹೋಯಿತು ಅಂತ ಕಾಣುತ್ತದೆ. ಅದರ ಜೊತೆಗೇ ಒಂದು ನೋಟ್‌ಬುಕ್ಕನ್ನೂ ಕಳಿಸುತ್ತಿದ್ದೇನೆ. ನಿಮ್ಮ ಲೈಬ್ರರಿಯ ಅತ್ಯಂತ ಹಳೇ ಪುಸ್ತಕ ಯಾವುದು, ಅದು ಯಾವ ಖಾನೆಯಲ್ಲಿದೆ, ಗೋಡೆಗೆ ತಾಗಿದೆಯಾ ಅಂತ ಅದರಲ್ಲಿ ಬರೆಯಿರಿ. ಗೊತ್ತಿಲ್ಲದವರು ನಿಮ್ಮ ಹೆಸರು ಬರೆದು ಮುಂದಿನ ಜಾಗ ಖಾಲಿ ಬಿಡಿ. ಸೋಮವಾರ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ. ನೀವು ಕಪಾಟಿನ ಮುಂದೆ ನಿಂತುಕೊಂಡು ಅದನ್ನು ನನಗೆ ಓದಿ ಹೇಳಿ.